ಲೂಪ್ ದೀಪ

“ಮೇಡಂ, ನಿಮ್ಮ ಕಡೆ ಲೂಪ್ ಹಾಕಿ,” ಎಂದಿತು ಫೋನಿನ ಧ್ವನಿ.

ಮೇಡಂ ಅಂತೆ ಮೇಡಂ! ಅವಳು ಸೊಂಟದ ಮೇಲೆ ಕೂರಿಸಿಕೊಂಡು ಬೀದಿಯೆಲ್ಲ ಸುತ್ತಿಸಿದ, ಮೂಗು ಒರೆಸಿ ಶಾಲೆಗೆ ಕಳಿಸಿದ ಸ್ವಂತ ತಮ್ಮ. ಬೆಳಗಿನಿಂದ ಅವನು ಹಾಗೆ ಕರೆದಾಗಲೆಲ್ಲ ಅವಳಿಗೆ ಒಳಗೆ ಚುರುಕ್ಕೆನ್ನುತ್ತಿತ್ತು. ಆದರೂ ಮೇಜಿನ ಕೆಳಗೆ ಬಗ್ಗಿದಳು. ಅಲ್ಲಿ ನೆಲದ ಮೇಲೆ ಕೂತಿದ್ದ ಮೋಡೆಮ್ಮಿನ ಹಿಂಬದಿಗೆ ಕೈ ಹಾಕಿ, ತಡಕಾಡಿ, ಒಂದು ಚಿಕ್ಕ ಗುಂಡಿಯನ್ನು ಒತ್ತಿದಳು. ಮುಂದುಗಡೆ ಸಾಸಿವೆಯಷ್ಟು ದೊಡ್ಡ ಕೆಂಪು ದೀಪ ಹತ್ತಿಕೊಂಡಿತು.

“ಹಾಕಿದೀನಿ ಕಣೋ.”

“ಸರಿ ಮೇಡಂ. ಕಳಿಸ್ತಿದೀನಿ, ನೋಡ್ತಿರಿ.”

ವಾರದ ರಜೆಯ ಮಧ್ಯಾಹ್ನ. ಕೆಳಗಿನ ಅಂತಸ್ತಿನಲ್ಲಿ ಅಚ್ಚಿನ ಯಂತ್ರಗಳು ಮೈಮೇಲೆ ಬಟ್ಟೆ ಹೊದ್ದು ಮಲಗಿದ್ದವು. ದಿನವೂ ಅವುಗಳ ಗದ್ದಲಕ್ಕೆ ಶಾಪ ಹಾಕುತ್ತಿದ್ದ ಅವಳಿಗೆ ಇವತ್ತು ಆ ಗದ್ದಲವಾದರೂ ಇರಬಾರದಿತ್ತೇ ಅನ್ನಿಸಿತು. ಮಹಡಿಯ ಉದ್ದನೆಯ ಕೋಣೆಯಲ್ಲಿ ಕುರ್ಚಿಗಳೆಲ್ಲ ಖಾಲಿ. ಯಾರೋ ಬಿಟ್ಟುಹೋದ ಸ್ವೆಟರ್ ಒಂದರ ಬೆನ್ನಿಗೆ ನೇತಾಡುತ್ತಿತ್ತು. ಶಾಯಿಯ ವಾಸನೆ ಮಾತ್ರ ರಜೆ ತೆಗೆದುಕೊಂಡಿರಲಿಲ್ಲ.

ಅಚ್ಚುಕೂಟದವರು ದೂರದ ಇನ್ನೊಂದು ಊರಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕಾರ್ಖಾನೆಯೊಂದನ್ನು ಕೊಂಡಿದ್ದರು. ಇಲ್ಲಿನ ಕಂಪ್ಯೂಟರುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು, ಅಲ್ಲಿನವು ಅಲ್ಲೇ. ಯಾವ ಪುಸ್ತಕದ ಹಾಳೆ ಅಚ್ಚಾಗಿದೆ, ಯಾವುದು ಆಗಬೇಕು ಎಂದು ಅಲ್ಲಿಗೆ ತಿಳಿಯಬೇಕಾದರೆ ಯಾರಾದರೂ ಫೋನಿನಲ್ಲಿ ಗಂಟಲು ಹರಿದುಕೊಳ್ಳಬೇಕಿತ್ತು. ಈಗ ಎರಡು ಕಡೆಯ ಜಾಲಗಳನ್ನೂ ಒಂದೇ ಒಂದು ಲೈನಿನಿಂದ ಕೂಡಿಸುವುದು. ಫೋನಿನ ಕಂಪನಿಯಿಂದ ಬಾಡಿಗೆಗೆ ಪಡೆದ ಲೈನು, ಅದರ ಎರಡು ತುದಿಗೆ ಎರಡು ಮೋಡೆಮ್, ಮೋಡೆಮ್ಮಿನಿಂದ ಆಚೆ ಬೆರಳು ಗಾತ್ರದ ಸೀರಿಯಲ್ ಕೇಬಲ್. ಹೇಳುವುದೆಲ್ಲವೂ ಅದರಲ್ಲಿ ಒಂದರ ಹಿಂದೊಂದು ಸಾಲು ಹಿಡಿದು ಹೋಗಬೇಕು. ನುಗ್ಗುವ ಹಾಗಿಲ್ಲ, ಜೊತೆಜೊತೆಗೆ ಓಡುವ ಹಾಗಿಲ್ಲ.

ಈ ಕೆಲಸ ಅವಳ ಪಾಲಿಗೆ ಬಂದದ್ದು ಸಹಜವೇ. ಅಚ್ಚುಕೂಟದಲ್ಲಿ ವೈರು ಕಂಡರೆ ಅವಳನ್ನು ಕರೆಯುತ್ತಿದ್ದರು. ಮಾಲೀಕರಿಂದ ಹಿಡಿದು ಹಾಳೆ ಎಣಿಸುವವರವರೆಗೆ ಎಲ್ಲರ ಬಾಯಲ್ಲೂ ಅವಳು ‘ವೈರಕ್ಕ’. ಅವಳಿಗಿಂತ ಹಿರಿಯರೂ ಅಕ್ಕ ಎನ್ನುತ್ತಿದ್ದರು. ಲೋಕಕ್ಕೆಲ್ಲ ಅಕ್ಕ, ಒಡಹುಟ್ಟಿದವನೊಬ್ಬನಿಗೆ ಮೇಡಂ.

“ಆ ಕಡೆ ಒಬ್ಬ ಇದಾನೆ, ಕೆಲಸದಲ್ಲಿ ಚುರುಕಂತೆ, ಮಾತು ಮಾತ್ರ ಕಡಿಮೆಯಂತೆ,” ಎಂದು ಮ್ಯಾನೇಜರು ಕಳೆದ ವಾರ ಒಂದು ನಂಬರು ಕೊಟ್ಟಿದ್ದರು. ಅವಳು ತಿರುಗಿಸಿದಳು. ಅತ್ತಲಿಂದ “ಹಲೋ” ಎಂದದ್ದೇ ತಡ, ಕೈಯಲ್ಲಿದ್ದ ರಿಸೀವರ್ ಭಾರವಾಯಿತು. ಆ ಹಲೋದ ಕೊನೆಯಲ್ಲಿ ಸ್ವಲ್ಪ ಎಳೆಯುವುದು ಅವರಮ್ಮನದು. ಅವಳಿಗೆ ಅದು ಬಂದಿರಲಿಲ್ಲ, ಅವನಿಗೆ ಬಂದಿತ್ತು. “ನಾನು ಕಣೋ,” ಎಂದಳು. ಅವನು, “ಹೇಳಿ ಮೇಡಂ,” ಎಂದ.

ಅಮ್ಮ ಹೋಗಿ ಐದಾರು ವರ್ಷವಾಗಿತ್ತು. ಹಾಸಿಗೆ ಹಿಡಿದಾಗ ಅವನು ಹೊಸ ಕೆಲಸಕ್ಕೆ ಸೇರಿ ಬೇರೆ ಊರಲ್ಲಿದ್ದ. “ಅವನಿಗೆ ಹೇಳ್ಬೇಡ ಕಣೇ, ಬಿಟ್ಟು ಓಡಿ ಬರ್ತಾನೆ, ಕೆಲಸ ಹೋಗತ್ತೆ. ನನಗೇನು, ನಾಳೆ ಎದ್ದು ಕೂರ್ತೀನಿ,” ಎಂದಿದ್ದಳು ಅಮ್ಮ. ಅವಳು ಆ ಮಾತನ್ನು ನಂಬಿದಳು. ನಂಬಿದಳೋ, ನಂಬುವುದು ಸುಲಭವಾಗಿತ್ತೋ, ಈಗ ಹೇಳುವುದು ಕಷ್ಟ. ಅಮ್ಮ ಎದ್ದು ಕೂರಲಿಲ್ಲ. ಅವನು ಬಂದಾಗ ಮನೆಯಲ್ಲಿ ಒಗೆದು ಮಡಿಸಿಟ್ಟ ಸೀರೆಗಳಿದ್ದವು, ಅಮ್ಮ ಇರಲಿಲ್ಲ. “ಒಂದು ಫೋನು. ಒಂದೇ ಒಂದು ಫೋನು ಮಾಡ್ಬಹುದಿತ್ತಲ್ಲ ನೀನು,” ಎಂದ. ಜಗಳವಾಡಿದ್ದರೆ ಅವಳೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ಅವನು ಜಗಳವಾಡಲೇ ಇಲ್ಲ. ಚೀಲ ಎತ್ತಿಕೊಂಡು ಹೋದವನು ನಂಬರು ಬದಲಿಸಿದ, ಊರು ಬದಲಿಸಿದ.

ಅಂದಿನಿಂದ ಅವಳು ಅಮ್ಮನ ಮನೆಯಲ್ಲಿ ಒಬ್ಬಳೇ. ಸಂಜೆ ಬೀಗ ತೆಗೆದು ಒಳಗೆ ಹೋದರೆ ಬೆಳಿಗ್ಗೆ ಬಿಟ್ಟುಹೋದ ಲೋಟ ಬಿಟ್ಟಲ್ಲೇ ಇರುತ್ತಿತ್ತು. ಯಾರೂ ಅದನ್ನು ಅತ್ತಿತ್ತ ಸರಿಸಿರುವುದಿಲ್ಲ ಎಂಬುದು ದಿನವೂ ಗೊತ್ತಿರುವ ಸಂಗತಿಯೇ. ಆದರೂ ದಿನವೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು.

“ಬಂತು ಮೇಡಂ,” ಎಂದ ಅವನು. “ಕಳಿಸಿದ್ದೆಲ್ಲ ಹಾಗ್ ಹಾಗೇ ವಾಪಸ್ ಬಂತು. ಲೈನಲ್ಲಿ ತೊಂದರೆ ಇಲ್ಲ.”

ಲೂಪ್ ಎಂದರೆ ಇಷ್ಟೇ. ಆ ಗುಂಡಿ ಒತ್ತಿದರೆ ಮೋಡೆಮ್ ಎರಡೂ ಕಡೆಗೆ ಬಾಗಿಲು ಹಾಕಿಕೊಂಡು, ಬಂದದ್ದನ್ನು ಬಂದ ದಾರಿಗೇ ಅಟ್ಟುತ್ತದೆ. ದೂರದವನು ಕಳಿಸಿದ್ದು ಲೈನಿನ ಉದ್ದಕ್ಕೂ ಬಂದು ತಿರುಗಿ ದೂರದವನಿಗೇ. ಇವಳು ಕಳಿಸಿದ್ದು ಅಲ್ಲೇ ತಿರುಗಿ ಇವಳಿಗೇ. ಕಳಿಸಿದ್ದು ಕಳಿಸಿದ ಹಾಗೇ ವಾಪಸಾದರೆ ದಾರಿ ಸರಿಯಿದೆ ಎಂದರ್ಥ. ನೋಡಿಕೊಂಡ ಮೇಲೆ ಗುಂಡಿಯನ್ನು ಮತ್ತೆ ಒತ್ತಿ ಲೂಪ್ ತೆಗೆಯಬೇಕು. ಕೆಂಪು ದೀಪ ಆರಬೇಕು. ಇದನ್ನು ಅವನಿಗೆ ಕಲಿಸಿದವಳು ಅವಳೇ.

“ಲೂಪ್ ತೆಗೀರಿ ಮೇಡಂ. ಈಗ ಎರಡೂ ಕಡೆಯಿಂದ ಕಳಿಸಿ ನೋಡೋಣ.”

ಅವಳು ಬಗ್ಗಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ಒಂದು ತಲೆ ಕಾಣಿಸಿಕೊಂಡಿತು.

“ಆಯ್ತಾ?”

ಮ್ಯಾನೇಜರು. ಇವರಿಗೆ ಇದೊಂದೇ ಪ್ರಶ್ನೆ. ತಮ್ಮದೇ ಮದುವೆಯ ದಿನ ಫೋಟೋದವನಿಗೆ ‘ಆಯ್ತಾ, ಆಯ್ತಾ’ ಎಂದು ಕೇಳಿಕೇಳಿ ಒಂದು ಫೋಟೋದಲ್ಲೂ ಇವರ ಬಾಯಿ ಮುಚ್ಚಿಲ್ಲ ಎಂದು ಅಚ್ಚುಕೂಟದವರು ಆಡಿಕೊಂಡು ನಗುತ್ತಿದ್ದರು. ರಜೆಯ ದಿನ ಮನೆಯಲ್ಲಿ ಕೂರಲಾರದೆ ಬಂದಿದ್ದರು.

“ಇನ್ನೂ ಇಲ್ಲ ಸಾರ್, ಆಗ್ತಾ ಇದೆ.”

“ಅಲ್ಲ ವೈರಕ್ಕ, ಎಲ್ಲ ಸೇರಿಸಿಯಾಯ್ತು ಅಂದ್ರಿ?”

“ಸೇರಿಸಿಯಾಯ್ತು ಸಾರ್. ಮಾತಾಡ್ತವಾ ಅಂತ ನೋಡ್ಬೇಕಲ್ಲ.”

“ಓಹೋ. ಮಾತಾಡಿದ್ರೆ ಹೇಳಿ. ಕೆಳಗೇ ಇರ್ತೀನಿ.” ಹೊರಟವರು ಮತ್ತೆ ತಲೆ ಹಾಕಿದರು. “ಊಟ ಆಯ್ತಾ?”

ಅವಳಿಗೆ ನಗು ಬಂತು. ರಿಸೀವರಿನಲ್ಲಿ ಅವನೂ ಮೂಗಿನಲ್ಲಿ ನಕ್ಕ ಹಾಗೆ ಕೇಳಿಸಿತು. ಕೇಳಿಸಿತೋ, ಕೇಳಿಸಲಿ ಎಂದು ಅವಳು ಬಯಸಿದಳೋ. ಆ ನಗುವಿನ ಗುಂಗಿನಲ್ಲೇ, “ತೆಗೆದೆ ಕಣೋ,” ಎಂದುಬಿಟ್ಟಳು. ಎಷ್ಟೋ ಸಲ ಮಾಡಿದ ಕೆಲಸ. ಕೈಗಿಂತ ಬಾಯಿ ಮುಂದೆ ಹೋಗಿತ್ತು. ಕೆಂಪು ದೀಪ ಮೇಜಿನ ಕೆಳಗೆ ತನ್ನ ಪಾಡಿಗೆ ತಾನು ಉರಿಯುತ್ತಿತ್ತು.

“ನಿಮಗೆ ತೋಚಿದ್ದು ಏನಾದ್ರೂ ಕಳಿಸಿ ಮೇಡಂ, ನಾನೂ ಕಳಿಸ್ತೀನಿ,” ಎಂದ ಅವನು. “ಇದೊಂದು ಸರಿಹೋದ್ರೆ ಮಿಕ್ಕಿದ್ದು ಬೇಗ ಮುಗಿಯುತ್ತೆ. ಲೈನು ತನ್ನಷ್ಟಕ್ಕೆ ನಡೀತಿರತ್ತೆ. ಮತ್ತೆ ನಿಮಗೆ ಫೋನ್ ಮಾಡಿ ತೊಂದರೆ ಕೊಡೋ ಅವಶ್ಯಕತೆ ಇರಲ್ಲ.”

ತೊಂದರೆಯಂತೆ. ಅವಳು ರಿಸೀವರನ್ನು ಮೇಜಿನ ಮೇಲೆ ಮಲಗಿಸಿದಳು. ಇವತ್ತು ಲೈನು ಹತ್ತಿಕೊಂಡರೆ ನಾಳೆಯಿಂದ ಎರಡು ಊರಿನ ಕಂಪ್ಯೂಟರುಗಳು ಹಗಲೂ ರಾತ್ರಿ ಹರಟುತ್ತವೆ. ಅವುಗಳನ್ನು ಕೂಡಿಸಿದ ಇಬ್ಬರಿಗೆ ಮಾತಾಡಲು ನೆಪವೇ ಇರುವುದಿಲ್ಲ. ಏನಾದರೂ ಆಗುವುದಿದ್ದರೆ ಇವತ್ತೇ, ಈಗಲೇ. ಅವಳು ನಂಬರು ಸಿಕ್ಕ ದಿನದಿಂದ ಮನಸ್ಸಿನಲ್ಲಿ ಒಂದು ಪದ ಇಟ್ಟುಕೊಂಡು ಓಡಾಡುತ್ತಿದ್ದಳು.

‘ಕೂ.’

ಅವರು ಚಿಕ್ಕವರಿದ್ದಾಗ ಅಮ್ಮ ಸಂಜೆ ಕಿಟಕಿಗೆ ಬಂದು ಹಾಗೆ ಕೂಗುತ್ತಿದ್ದಳು. ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬೀದಿಯ ಯಾವ ಮೂಲೆಯಲ್ಲಿದ್ದರೂ ಇಬ್ಬರೂ ತಿರುಗಿ ‘ಕೂ’ ಎನ್ನಬೇಕು. ಬಾ ಎಂದೂ ಅಲ್ಲ, ಬಂದೆ ಎಂದೂ ಅಲ್ಲ. ಇದೀಯಾ, ಇದೀನಿ, ಅಷ್ಟೆ. ಮುಂದೆ ಅವಳು ಎರಡು ಹಳೇ ಕಂಪ್ಯೂಟರುಗಳನ್ನು ಮನೆಗೆ ತಂದು, ಒಂದನ್ನು ಅಡುಗೆಮನೆಯಲ್ಲೂ ಇನ್ನೊಂದನ್ನು ಮಲಗುವ ಕೋಣೆಯಲ್ಲೂ ಇಟ್ಟು, ನಡುವೆ ಸೀರಿಯಲ್ ಕೇಬಲ್ ಎಳೆದು ತಮ್ಮನಿಗೆ ಕೆಲಸ ಕಲಿಸಿದಳು. ಅಮ್ಮ ಆ ಕೇಬಲ್ಲನ್ನು ದಾಟುವಾಗಲೆಲ್ಲ ಸೀರೆ ಎತ್ತಿಕೊಂಡು, “ಇರೋ ಎರಡು ಕೋಣೆಗೆ ಇದೊಂದು ಕೇಡು,” ಎಂದು ಗೊಣಗುತ್ತಿದ್ದಳು. ಕೇಬಲ್ಲಿನಲ್ಲಿ ಅವನು ಕಳಿಸಿದ ಮೊಟ್ಟಮೊದಲ ಪದ ಅದೇ, ಇಂಗ್ಲಿಷ್ ಅಕ್ಷರದಲ್ಲಿ. ಅವಳೂ ಅದನ್ನೇ ತಿರುಗಿಸಿ ಕಳಿಸಿದ್ದಳು. ಆಮೇಲೆ ಯಾವ ಲೈನು ಎಳೆದರೂ ಅಕ್ಕತಮ್ಮಂದಿರ ಮೊದಲ ಮಾತು ಕೂ, ಉತ್ತರವೂ ಕೂ.

ಪರದೆಯ ಕೆಳಗಿನ ಸಾಲಿನಲ್ಲಿ ಬರೆದು ಕಳಿಸಿದರೆ, ಅತ್ತಲಿಂದ ಬಂದದ್ದು ಮೇಲಿನ ಭಾಗದಲ್ಲಿ ಕಾಣುವ ಸಣ್ಣ ಪ್ರೋಗ್ರಾಮು ಅದು. ಅವಳು ಪದವನ್ನು ಬರೆದಳು. ಕೀಲಿ ಒತ್ತುವ ಮೊದಲು ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಒತ್ತಿದಳು.

ಒತ್ತಿ ಬೆರಳು ಎತ್ತುವುದರೊಳಗೆ ಮೇಲೆ ಮೂಡಿತ್ತು: ಕೂ.

ಅಷ್ಟು ಬೇಗ! ಬೇರೆ ಯಾರಾದರೂ ಆಗಿದ್ದರೆ ಆ ವೇಗಕ್ಕೇ ಅನುಮಾನ ಪಡುತ್ತಿದ್ದರು. ಅವಳಿಗೆ ಅನುಮಾನ ಹತ್ತಿರವೂ ಸುಳಿಯಲಿಲ್ಲ. ಅವನೂ ಅದನ್ನೇ ಬರೆದು, ಕೀಲಿಯ ಮೇಲೆ ಬೆರಳಿಟ್ಟು ಕಾದು ಕೂತಿದ್ದ ಎಂದುಕೊಂಡಳು. ಅಮ್ಮನ ಕೂಗು ಮುಗಿಯುವ ಮುಂಚೆಯೇ ಬೀದಿಯ ಕೊನೆಯಿಂದ ಮಾರುತ್ತರ ಕೊಡುತ್ತಿದ್ದ ಪೋರನಲ್ಲವೇ! ಅವಳ ಕಣ್ಣು ತುಂಬಿ ಬಂತು. ಸಂತೋಷವಾದಾಗ ಯಾರಿಗೆ ಹೇಳುವುದು ಎಂದು ಸುತ್ತ ನೋಡಿದಳು. ಖಾಲಿ ಕುರ್ಚಿಗಳು, ನೇತಾಡುವ ಸ್ವೆಟರ್. ರಿಸೀವರನ್ನು ಬಾಚಿಕೊಂಡಳು.

“ಬಂತು ಕಣೋ, ಬಂತು!”

ಅತ್ತಲಿಂದ ಗಂಟಲು ಸರಿಮಾಡಿಕೊಂಡ ಸದ್ದು.

“ನನಗೂ ಬಂತು,” ಎಂದ. “ಅಕ್ಕಾ.”

ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತಳು.

“ಹೇಗಿದೀಯೋ?”

“ಇದೀನಿ. ನೀನು?”

“ನನಗೇನು, ಇದೀನಿ. ಸರಿಯಾಗಿ ಊಟ ಮಾಡ್ತೀಯಾ?”

“ಮಾಡ್ತೀನಕ್ಕ. ಒಬ್ಬನಿಗೆ ಅಂತ ಎಷ್ಟು ಕಡಿಮೆ ಮಾಡಿದ್ರೂ ಮಿಗತ್ತೆ.”

“ನನಗೂ ಮಿಗತ್ತೆ ಕಣೋ.”

ವರ್ಷಗಟ್ಟಲೆ ಕೂಡಿಟ್ಟ ಮಾತೆಲ್ಲ ಒಟ್ಟಿಗೇ ನುಗ್ಗಿ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು.

“ಅಮ್ಮನ ಮಂಚ ಇದೆಯಾ?” ಎಂದ.

“ಇಲ್ದೆ ಎಲ್ಲಿ ಹೋಗತ್ತೆ? ಅಲ್ಲೇ ಇದೆ. ನೀನು ಬಂದ್ರೆ ಅದರಲ್ಲೇ ಮಲಗು.”

“ಕಾಲು ಕಿರ್ ಅನ್ನತ್ತಾ ಇನ್ನೂ?”

“ಅನ್ನತ್ತೆ. ಕೆಳಗೆ ಕಾಗದ ಮಡಿಸಿ ಇಟ್ಟೆ, ಆದ್ರೂ ಅನ್ನತ್ತೆ,” ಎನ್ನುತ್ತ ಅವಳು ಕಣ್ಣೊರೆಸಿಕೊಳ್ಳಲು ಕರವಸ್ತ್ರ ತೆಗೆದಳು. ಅದು ಕೈಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದಳು.

ಕೆಂಪು ದೀಪ ಉರಿಯುತ್ತಿತ್ತು.

ಮೊದಲು ಅವಳಿಗೆ ಅದು ಏನೆಂದೇ ಹೊಳೆಯಲಿಲ್ಲ. ಹೊಳೆದಾಗ ಬಗ್ಗಿದವಳು ಬಗ್ಗಿದ ಹಾಗೇ ಉಳಿದಳು. ಲೂಪ್ ತೆಗೆದಿರಲಿಲ್ಲ. ಪರದೆಯ ಮೇಲೆ ಮೂಡಿದ್ದು ಅವನ ಕೂ ಅಲ್ಲ, ಅವಳದೇ. ಮೇಜಿನ ಕೆಳಗಿನ ಪೆಟ್ಟಿಗೆಯವರೆಗೆ ಹೋಗಿ ತಿರುಗಿ ಬಂದಿತ್ತು. ಅದನ್ನು ಕಂಡು ಕಣ್ಣೀರು ಹಾಕಿದ್ದಳು, ಹುಚ್ಚಿ. ಅವನಿಗೂ ಅಷ್ಟೇ, ಅವನು ಏನು ಕಳಿಸಿದ್ದನೋ ಅದೇ ಅವನಿಗೆ ತಿರುಗಿ ಬಂದಿರುತ್ತದೆ. ಅದು ಅಕ್ಕನಿಂದ ಬಂತೆಂದು ಅವನು ತಿಳಿದಿದ್ದಾನೆ.

ಕೈ ಗುಂಡಿಯ ಹತ್ತಿರವೇ ಇತ್ತು. ಸದ್ದಿಲ್ಲದೆ ಒತ್ತಿಬಿಟ್ಟರೆ ಮುಗಿಯಿತು, ಅವನಿಗೆ ಗೊತ್ತೇ ಆಗುವುದಿಲ್ಲ. ಅಕ್ಕಾ ಎಂದದ್ದು ಹಾಗೇ ಉಳಿಯುತ್ತದೆ. ಮಂಚ ಇದೆ, ಮುಂದಿನ ರಜೆಗೆ ಬಂದರೂ ಬಂದಾನು. ಹೇಳಿದರೋ, ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅವನು ನಾಚಿಕೆಯಾದರೆ ಚಿಪ್ಪಿನೊಳಗೆ ಸೇರಿಕೊಳ್ಳುವವನು, ಚಿಕ್ಕಂದಿನಿಂದಲೂ.

ಆದರೆ ಅವನಿಗೆ ಹೇಳದೆ ಸುಮ್ಮನಿದ್ದದ್ದು ಒಮ್ಮೆ ಆಗಿತ್ತಲ್ಲ. ಒಳ್ಳೆಯದಕ್ಕೇ ಎಂದು ಬಾಯಿ ಮುಚ್ಚಿಕೊಂಡಿದ್ದಳು. ಅದರ ಫಲವನ್ನು ಬೀಗ ತೆಗೆದ ಪ್ರತಿ ಸಂಜೆಯೂ ಉಣ್ಣುತ್ತಿದ್ದಳು.

“ಅಕ್ಕಾ? ಇದೀಯಾ?”

“ಇದೀನಿ.” ಅವಳು ನೆಲದ ಮೇಲೆಯೇ ಕೂತುಬಿಟ್ಟಳು. “ಒಂದು ಮಾತು ಹೇಳ್ಬೇಕು ಕಣೋ. ನಾನು ಲೂಪ್ ತೆಗೆದಿರಲೇ ಇಲ್ಲ.”

“ಏನು?”

“ತೆಗೆದೆ ಅಂದೆ, ತೆಗೆದಿರಲಿಲ್ಲ. ಸಾರ್ ಬಂದ್ರಲ್ಲ, ಆ ಗಲಾಟೇಲಿ ಮರೆತೆ. ದೀಪ ಇನ್ನೂ ಉರೀತಿದೆ.”

ಅತ್ತ ಅವನು ಲೆಕ್ಕ ಹಾಕುತ್ತಿರುವುದು ಅವಳಿಗೆ ಕಂಡಷ್ಟು ಸ್ಪಷ್ಟವಾಗಿತ್ತು. ಕೆಲಸ ಬಲ್ಲವನು, ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಹಾಗಾದ್ರೆ ನನಗೆ ಬಂದಿದ್ದು ನಾನು ಕಳಿಸಿದ್ದೇ,” ಎಂದ.

“ಹೂಂ. ನನಗೆ ಬಂದಿದ್ದೂ ನನ್ನದೇ.”

“ಏನು ಕಳಿಸಿದ್ರಿ?”

ಕಳಿಸಿದ್ರಿ. ಬಹುವಚನ ಮರಳಿ ಬಂದಿತ್ತು. ಅವಳು ಹೇಳಿಬಿಡಬೇಕೆಂದು ಬಾಯಿ ತೆರೆದಳು, ಆದರೆ ಆ ‘ರಿ’ಯ ಮುಂದೆ ‘ಕೂ’ ಎನ್ನಲು ನಾಲಗೆ ಏಳಲಿಲ್ಲ.

“ನೀನೇನು ಕಳಿಸಿದ್ದೆ?”

“ಸುಮ್ನೆ, ಟೆಸ್ಟ್ ಅಂತ,” ಎಂದ. “ನೀವು?”

“ನಾನೂ ಹಾಗೇ. ಟೆಸ್ಟ್ ಅಂತ.”

ಟೆಸ್ಟ್ ಎಂಬ ಪದ ತಿರುಗಿ ಬಂದರೆ ಯಾರೂ ಗಂಟಲು ಸರಿಮಾಡಿಕೊಂಡು ಅಕ್ಕಾ ಎನ್ನುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಹಾಗೆಯೇ, ಟೆಸ್ಟ್ ತಿರುಗಿ ಬಂತೆಂದು ಯಾರೂ ‘ಬಂತು ಕಣೋ ಬಂತು’ ಎಂದು ಕಿರುಚುವುದಿಲ್ಲ ಎಂದು ಅವನಿಗೂ ಹೊಳೆದಿರಬೇಕು. ಲೈನು ಸಣ್ಣಗೆ ಗುಂಯ್ ಎನ್ನುತ್ತಿತ್ತು.

“ಸರಿ ಮೇಡಂ, ಲೂಪ್ ತೆಗೀರಿ,” ಎಂದ ಕೊನೆಗೆ. “ಇನ್ನೊಂದು ಸಲ ನೋಡ್ಲೇಬೇಕು, ನೋಡ್ದೆ ಮುಂದೆ ಹೋಗಕ್ಕಾಗಲ್ಲ. ನೀವೇ ಮೊದಲು ಕಳಿಸಿ. ನನಗೆ ಬಂದ್ರೆ ನಾನು ಕಳಿಸ್ತೀನಿ.”

ಅವಳು ಗುಂಡಿ ಒತ್ತಿದಳು. ದೀಪ ಆರಿತು. ಈ ಸಲ ಬಾಯಲ್ಲಿ ಹೇಳುವ ಮೊದಲು ಎರಡು ಸಲ ನೋಡಿದಳು. “ತೆಗೆದೆ,” ಎಂದು ರಿಸೀವರನ್ನು ಮೇಜಿನ ಮೇಲಿಟ್ಟು, ಎದ್ದು ಕುರ್ಚಿಯಲ್ಲಿ ಕೂತಳು.

ಕೆಳಗಿನಿಂದ ಮ್ಯಾನೇಜರು, “ಆಯ್ತಾ?” ಎಂದು ಕೂಗಿದರು.

ಅವಳು ಪರದೆಯ ಮೇಲಿದ್ದ ಹಳೆಯದನ್ನು ಅಳಿಸಿ ‘ಟೆಸ್ಟ್’ ಎಂದು ಬರೆದಳು. ಕೆಲಸಕ್ಕೆ ಅಷ್ಟು ಸಾಕು. ಅವನು ‘ಸರಿ’ ಎಂದು ತಿರುಗಿ ಬರೆಯುತ್ತಾನೆ, ಎರಡು ಊರು ಕೂಡಿಕೊಳ್ಳುತ್ತವೆ, ಮ್ಯಾನೇಜರು ಕೈ ಕುಲುಕುತ್ತಾರೆ. ಅವಳು ಬೀಗದ ಕೈ ತೆಗೆದುಕೊಂಡು ಮನೆಗೆ ಹೋಗುತ್ತಾಳೆ. ಬೆರಳು ಕೀಲಿಯ ಮೇಲೆ ನಿಂತೇ ನಿಂತಿತು. ಆಮೇಲೆ ಒಂದೊಂದೇ ಅಕ್ಷರವನ್ನು ಅಳಿಸಿದಳು. ಅಳಿಸಿದ ಜಾಗದಲ್ಲಿ ‘ಕೂ’ ಎಂದು ಬರೆದು, ಯೋಚಿಸಲು ಸಮಯ ಕೊಡದೆ ಕಳಿಸಿಬಿಟ್ಟಳು.

ಏನೂ ಬರಲಿಲ್ಲ.

ಪರದೆಯ ಮೂಲೆಯಲ್ಲಿ ಹೋಗುವುದಕ್ಕೊಂದು, ಬರುವುದಕ್ಕೊಂದು ಪುಟ್ಟ ದೀಪದ ಗುರುತು. ಹೋಗುವ ದೀಪ ಒಮ್ಮೆ ಮಿಣುಕಿತ್ತು, ಆದ್ದರಿಂದ ಹೋಗಿದ್ದಂತೂ ನಿಜ. ಲೈನು ಸರಿಯಿತ್ತು, ಅವನಿಗೆ ತಲುಪಿರಲೇಬೇಕು. ಪರದೆಯ ಮೇಲ್ಭಾಗ ಖಾಲಿಯಾಗಿಯೇ ಇತ್ತು. ಮೇಜಿನ ಮೇಲೆ ಮಲಗಿದ್ದ ರಿಸೀವರಿನಿಂದ ಕುರ್ಚಿ ಸರಿಸಿದ ಸದ್ದು, ಆಮೇಲೆ ಹೆಜ್ಜೆ ಸದ್ದು ಕೇಳಿಸಿತು. ಎದ್ದು ಹೋದನೇ? ಅವಳು ರಿಸೀವರನ್ನು ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡರೆ ಮೇಡಂ ಎನ್ನುತ್ತಾನೆಂದು ಹೆದರಿದಳು. ಎದುರಿನ ಕಟ್ಟಡದ ಗೋಡೆಯ ಮೇಲಿದ್ದ ಬಿಸಿಲು ಕಿಟಕಿಯ ಅಂಚಿಗೆ ಸರಿದಿತ್ತು. ಕೆಳಗೆ ಮ್ಯಾನೇಜರು ಯಾವುದೋ ಬಾಗಿಲು ಹಾಕಿದರು. ಅವಳು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು.

ಹೆಜ್ಜೆ ಸದ್ದು ಹಿಂತಿರುಗಿತು. ಕುರ್ಚಿ ಸರಿಯಿತು.

ಬರುವ ದೀಪ ಮಿಣುಕಿತು. ಪರದೆಯ ಮೇಲೆ, ಕೂ.

ಅವಳು ಮೇಜಿನ ಕೆಳಗೆ ಬಗ್ಗಿ ನೋಡಿದಳು. ಲೂಪ್ ದೀಪ ಆರಿತ್ತು. ಎದ್ದು ಪರದೆಯನ್ನು ನೋಡಿದಳು, ಮತ್ತೆ ಬಗ್ಗಿದಳು. ದೀಪದ ಮೇಲೆ ಬೆರಳಿಟ್ಟಳು, ತೆಗೆದು ನೋಡಿದಳು. ಆರಿಯೇ ಇತ್ತು.